ಮುಖ ಕೊಡುವ ಪಾಳಿ

ಊರಿನವರ ಗಡ್ಡವನ್ನೆಲ್ಲ ಬೋಳಿಸುವ ನನ್ನ ಮುಖದಲ್ಲೇ ಅರ್ಧ ಗಡ್ಡ ಇರುವುದನ್ನು ಕಂಡು ಹೊಸ ಗಿರಾಕಿಗಳು ಅಂಗಡಿಯ ಮೆಟ್ಟಿಲ ತನಕ ಬಂದು ತಿರುಗಿ ಹೋಗುತ್ತಾರೆ. ಎಡಗಡೆ ನುಣ್ಣಗೆ, ಬಲಗಡೆ ಜಾಲಿ ಪೊದೆ. ಹರಕೆಯೇ ಎಂದು ಕೇಳಿದವರಿದ್ದಾರೆ. ಪಂದ್ಯ ಸೋತೆಯಾ ಎಂದು ಕೇಳಿದವರೂ ಇದ್ದಾರೆ. 'ಯಮನೂರಪ್ಪ, ನಿನ್ನ ಅಂಗಡ್ಯಾಗ ಉದ್ರಿ ಇಲ್ಲಂತ ನಿನಗ ನೀನ ಅರ್ಧಕ್ಕ ಬಿಟ್ಟೀ ಏನು?' ಎಂದು ಹಳೆಯ ಗಿರಾಕಿಗಳು ನಗುತ್ತಾರೆ. ಇದಕ್ಕೆಲ್ಲ ಉತ್ತರ ಕೊಡಬೇಕಾದರೆ ಬಾಯಿ ತೆರೆಯಬೇಕು. ಬಾಯಿ ತೆರೆದರೆ ಅದು ಬರಬಹುದು, ಬರದೆಯೂ ಇರಬಹುದು. ಹಾಗಾಗಿ ನಾನು ಸುಮ್ಮನೆ ಕುರ್ಚಿ ತೋರಿಸುತ್ತೇನೆ. ಬರೆಯುವುದಕ್ಕೆ ಬಾಯಿ ಬೇಕಾಗಿಲ್ಲ ಎಂಬ ಒಂದೇ ಕಾರಣಕ್ಕೆ ಇದನ್ನು ಬರೆಯುತ್ತಿದ್ದೇನೆ.

ಅದು ಎಂದರೆ ನೋವು. ನೋವು ಎನ್ನುವ ಮಾತನ್ನು ನಾವು ಕಾಲು ಉಳುಕಿದ್ದಕ್ಕೂ ಬಳಸಿ ಸವೆಸಿಬಿಟ್ಟಿದ್ದೇವೆ, ಇದಕ್ಕೆ ಬೇರೆ ಮಾತೇ ಬೇಕಿತ್ತು. ಬಲಗಿವಿಯ ಮುಂದೆ ಹುಟ್ಟಿ, ಮೇಲಿನ ಹಲ್ಲುಗಳ ಬೇರಿನ ತನಕ ಕರೆಂಟು ಹೊಡೆದಂತೆ ಹೊಡೆಯುತ್ತದೆ. ಒಂದು ಸಲ ಉಗುಳು ನುಂಗುವಷ್ಟರಲ್ಲಿ ಹೊರಟೂ ಹೋಗುತ್ತದೆ. ಹೋದ ಮೇಲೆ ಕೆನ್ನೆಯಲ್ಲಿ ಬಾವಿಲ್ಲ, ಕೆಂಪಿಲ್ಲ, ಒಂದು ಗುರುತಿಲ್ಲ. ಕಳ್ಳ ಬಂದು ಹೋದ ಮೇಲೆ ಮನೆಯ ಸಾಮಾನೆಲ್ಲ ಇದ್ದಲ್ಲೇ ಇದ್ದರೆ ಪೊಲೀಸರು ನಂಬುತ್ತಾರೆಯೆ?

ಮೊದಲು ಹಲ್ಲು ಎಂದುಕೊಂಡೆ. ಹಲ್ಲಿನ ಡಾಕ್ಟರರೂ ಹಲ್ಲು ಎಂದುಕೊಂಡರು. ಗಟ್ಟಿ ಹಲ್ಲೊಂದನ್ನು ಕಿತ್ತರು. ಹಲ್ಲು ಹೋಯಿತು, ನೋವು ಹೋಗಲಿಲ್ಲ. ಹಾಗಾದರೆ ಪಕ್ಕದ್ದಿರಬೇಕು ಎಂದು ಅದನ್ನೂ ಕಿತ್ತರು. ಮುಂದಿನದಕ್ಕೆ ಇಕ್ಕಳ ಹಾಕುವ ಹೊತ್ತಿಗೆ ನಾನು ಎದ್ದು ಬಂದೆ. ದೂರದ ಊರಿನ ದೊಡ್ಡ ಡಾಕ್ಟರರು ಮಾತ್ರ ಬಾಯಿಯನ್ನೇ ತೆರೆಸಲಿಲ್ಲ. ನಾನು ಟವೆಲ್ಲಿನಿಂದ ಮುಖದ ಒಂದೇ ಬದಿ ಒರೆಸಿಕೊಳ್ಳುವುದನ್ನು ನೋಡಿ, ಇದು ಹಲ್ಲಲ್ಲ, ಮುಖದ ನರ ಎಂದರು. ಟ್ರೈಜೆಮಿನಲ್ ನ್ಯೂರಾಲ್ಜಿಯಾ ಅಂತೆ. ಆ ಹೆಸರು ಹೇಳಲು ದವಡೆ ಅಷ್ಟು ಹೊರಳಬೇಕಾದರೆ ಈ ಕಾಯಿಲೆಯವನು ತನ್ನ ಕಾಯಿಲೆಯ ಹೆಸರನ್ನು ಯಾರಿಗೆ ತಾನೆ ಹೇಳಿಯಾನು?

'ತಣ್ಣನೆ ಗಾಳಿ ತಾಗಿದರೆ ಬರುತ್ತದಾ?' ಎಂದು ಆ ಡಾಕ್ಟರರು ಕೇಳಿದ್ದರು.

'ಹೇಳಾಕ ಬರೂದಿಲ್ರಿ. ನಮ್ಮೂರಾಗ ಗಾಳಿ ಪಾಳಿ ಮ್ಯಾಲೆ ಬರ್ತೈತ್ರಿ.'

ಅವರು ಚೀಟಿ ಬರೆಯುವುದನ್ನು ನಿಲ್ಲಿಸಿ, 'ನಿದ್ದೆ ಸರಿಯಾಗಿ ಆಗುತ್ತಿದೆಯಾ?' ಎಂದರು.

ಗಾಳಿ ಪಾಳಿಯ ಮೇಲಲ್ಲದೆ ಇನ್ನು ಹೇಗೆ ಬರುತ್ತದೆ ಎಂಬುದು ನನಗೆ ಈಗಲೂ ಸರಿಯಾಗಿ ಅರ್ಥವಾಗಿಲ್ಲ. ಬೇರೆ ಊರುಗಳಲ್ಲಿ ಓಣಿ ಓಣಿಗೆ ಸರತಿಯ ಮೇಲೆ ನಲ್ಲಿ ನೀರು ಬಿಡುತ್ತಾರಲ್ಲ, ಹಾಗೆ. ಬಿಸಿಲು, ಮೋಡ, ಮಳೆ, ಚಳಿ ಇವೆಲ್ಲ ಎಲ್ಲರಿಗೂ ಒಟ್ಟಿಗೇ. ಗಾಳಿಗೆ ಮಾತ್ರ ಪಾಳಿ. ಕುಂಬಾರ ಓಣಿಗೆ ಬಂದ ದಿನ ನಮ್ಮ ಓಣಿಯಲ್ಲಿ ಊದಿನಕಡ್ಡಿಯ ಹೊಗೆ ಕೂಡ ನೆಟ್ಟಗೆ ನಿಂತಿರುತ್ತದೆ. ನಮ್ಮ ಪಾಳಿ ಸಂತೆಯ ಮರುದಿನ ಬೆಳಿಗ್ಗೆ. ಅಂದು ಪ್ರತಿ ಮನೆಯ ಹೊಸ್ತಿಲಲ್ಲೂ ಒಬ್ಬರು ನಿಂತಿರುತ್ತಾರೆ. ಅವರು ಆ ಮನೆಯ ಮುಖ. ಗಾಳಿ ಓಣಿಯ ಮೇಲಿನ ತುದಿಯಿಂದ ಇಳಿದು, ಆ ಮುಖವನ್ನು ಸವರಿ, ಮನೆಯೊಳಗೆ ಹೋಗಿ, ಅಡಿಗೆಮನೆ ದೇವರಮನೆ ಎಲ್ಲ ಸುತ್ತಿ, ಹಳಸಿದ್ದನ್ನೆಲ್ಲ ಹೊರಗೆ ಹಾಕಿ, ಮುಂದಿನ ಮನೆಗೆ ಹೋಗುತ್ತದೆ. ಇದಕ್ಕೆ ಮುಖ ಕೊಡುವುದು ಎನ್ನುತ್ತಾರೆ. ಯಾರಾದರೂ ಮುಖ ತಿರುಗಿಸಿದರೋ, ಅದು ಅಲ್ಲಿಂದಲೇ ಹಿಂದಿರುಗುತ್ತದೆ. ಉಳಿದ ಮನೆಗಳವರು ಮುಂದಿನ ಪಾಳಿಯ ತನಕ ಹಳೆಯ ಗಾಳಿಯಲ್ಲೇ ಇರಬೇಕು. ಅದಕ್ಕೇ ನಮ್ಮಲ್ಲಿ ಜಗಳಕ್ಕೆ ಕೋರ್ಟು ಕಚೇರಿ ಬೇಕಾಗಿಲ್ಲ. ಕೆಳಗಿನ ಮನೆಯವನ ಮೇಲೆ ಸಿಟ್ಟಿದ್ದರೆ ಗಾಳಿಗೆ ಮುಖ ತಿರುಗಿಸಿದರಾಯಿತು, ಊರಿಗೆಲ್ಲ ತಿಳಿಯುತ್ತದೆ. ಆಮೇಲೆ ಯಾಕೆ ಎಂದು ಯಾರೂ ಕೇಳುವುದಿಲ್ಲ, ಕೇಳುವುದು ಮರ್ಯಾದೆಯೂ ಅಲ್ಲ.

ನಮ್ಮ ಓಣಿಯಲ್ಲಿ ನನ್ನ ಮನೆ ಕೊನೆಯದಕ್ಕಿಂತ ಒಂದು ಮೊದಲು. ಕೊನೆಯದು ನನ್ನ ಅಕ್ಕ ಸಾಂತವ್ವನದು. ಒಂದೇ ಮನೆಯನ್ನು ಅಪ್ಪ ನಡುವೆ ಗೋಡೆ ಹಾಕಿ ಎರಡು ಮಾಡಿದ್ದ. ಗಂಡ ಸತ್ತು ತವರಿಗೆ ಬಂದ ಮಗಳಿಗೆ ಅರ್ಧ ಕೊಟ್ಟ ಎಂದು ಆಗ ಜನ ಆಡಿಕೊಂಡಿದ್ದರು. 'ಈ ಮನಿಯಿಂದ ಇನ್ನ ನಾಲ್ಕು ಮಂದಿ ಹೆಗಲ ಮ್ಯಾಲೇನ ಹೊಂಡತೀನಿ' ಎಂದು ಅಕ್ಕ ಎಲ್ಲರೆದುರು ಹೇಳಿದ್ದಳು. ಅವಳಿಗೆ ದಮ್ಮು. ಗಾಳಿ ಬಂದು ಹೋದ ದಿನ ರೊಟ್ಟಿ ಬಡಿಯುತ್ತ ಹಾಡುತ್ತಾಳೆ. ಪಾಳಿ ಹತ್ತಿರ ಬರುತ್ತಿದ್ದಂತೆ ಹಾಡು ನಿಂತು, ಮಾತು ತುಂಡಾಗಿ, ಗೋಡೆಯ ಆಚೆ ಬರೀ ಸೀಟಿ ಊದಿದಂಥ ಉಸಿರು ಕೇಳಿಸುತ್ತದೆ. ಒಂದು ಪಾಳಿ ತಪ್ಪಿದರೂ ಅವಳಿಗೆ ಕಷ್ಟ.

ಅಂಥ ಒಂದು ಪಾಳಿಯನ್ನು ನಾನು ತಪ್ಪಿಸಿದೆ, ಅಲ್ಲಿಯ ತನಕ ಹೇಗೋ ಮುಖ ಕೊಟ್ಟು ಪಾರಾಗಿದ್ದೆ. ಚಳಿ ಶುರುವಾಗುತ್ತಿದ್ದ ಕಾಲ. ಗುಳಿಗೆ ನುಂಗಿಯೇ ಹೊಸ್ತಿಲಿಗೆ ಬಂದಿದ್ದೆ. ಮೇಲಿನ ಮನೆಯ ಬಾಗಿಲ ಪರದೆ ಹಾರಿತು, ಇನ್ನೇನು ನನ್ನ ಸರದಿ. ಗಾಳಿಯ ತುದಿ ಕೆನ್ನೆಗೆ ತಾಗಿತೋ ಇಲ್ಲವೋ, ಹೇಳಲಾರೆ. ಕರೆಂಟು ಹೊಡೆಯಿತು, ಮುಖ ತಾನಾಗಿ ಎಡಕ್ಕೆ ಹೊರಳಿತು. ಎಡಕ್ಕೆ ಅಕ್ಕ ತನ್ನ ಹೊಸ್ತಿಲಲ್ಲಿ ಸೆರಗು ಸರಿಮಾಡಿಕೊಂಡು, ಹಸಿದವಳ ಹಾಗೆ ಮುಖ ಮುಂದಿಟ್ಟು ನಿಂತಿದ್ದಳು. ಗಾಳಿಗೆ ಮುಖ ತಿರುಗಿಸಿದ್ದೂ ಅಲ್ಲದೆ ನಾನು ನೇರ ಅವಳನ್ನೇ ನೋಡುತ್ತ, ತುಟಿ ಓರೆಮಾಡಿ, ಒಂದು ಕಣ್ಣು ಮುಚ್ಚಿ ನಿಂತುಬಿಟ್ಟೆ. ನೋಡಿದವರಿಗೆ ಅದು ಅಣಕಿಸಿದ ಹಾಗಲ್ಲದೆ ಬೇರೆ ಏನಾಗಿ ಕಂಡೀತು?

ಗಾಳಿ ಹಿಂದಿರುಗಿತು. ಓಣಿಯ ತುಂಬ ಬಾಗಿಲು ಮುಚ್ಚಿದ ಸದ್ದು. ಮಧ್ಯಾಹ್ನ ಅಕ್ಕ ನಮ್ಮ ಹಿತ್ತಾಳೆ ಬಟ್ಟಲನ್ನು ಕಟ್ಟೆಯ ಮೇಲಿಟ್ಟು ಹೋದಳು. ಅಮಾವಾಸ್ಯೆಗೆ ಹುಗ್ಗಿ ಹಾಕಿ ಕಳಿಸಿದ್ದ ಬಟ್ಟಲು. ತೊಳೆದು ಒರೆಸಿ, ಖಾಲಿ ಇಟ್ಟಿದ್ದಳು. ಒಂದು ಚಿಟಿಕೆ ಸಕ್ಕರೆಯಾದರೂ ಇಲ್ಲದೆ ಬಟ್ಟಲು ತಿರುಗಿ ಬಂತೆಂದರೆ ಏನರ್ಥ ಎಂದು ನನ್ನ ಹೆಂಡತಿ ಕಲ್ಲವ್ವನಿಗೆ ಯಾರೂ ಹೇಳಬೇಕಾಗಿರಲಿಲ್ಲ. ಬಟ್ಟಲನ್ನು ಮಡಿಲಲ್ಲಿಟ್ಟುಕೊಂಡು ಅತ್ತಳು.

ಮರುದಿನ ಹೇಳಿಬಿಡೋಣ ಎಂದು ಅಕ್ಕನ ಮನೆಗೆ ಹೋದೆ. ದಾರಿಯುದ್ದ ಹೇಳಬೇಕಾದ ಮಾತು ಜೋಡಿಸಿಕೊಂಡಿದ್ದೆ. ದಾರಿ ಎಂದರೆ ಒಂದು ಕಟ್ಟೆ ಇಳಿದು ಇನ್ನೊಂದು ಹತ್ತುವುದು, ಅಷ್ಟೇ.

'ಯಾವ ಮುಖ ಹೊತ್ತು ಬಂದಿಯೋ, ಯಮನ್ಯಾ?' ಎಂದಳು. ಅರ್ಧ ಗಡ್ಡದವನಿಗೆ ಆ ಪ್ರಶ್ನೆ ಎರಡು ಪಟ್ಟು ತಾಗುತ್ತದೆ.

'ಅಕ್ಕಾ, ನಂದು...' ಎಂದೆ. ನಂದು ಒಂದು ನರದ ಬ್ಯಾನಿ ಐತಿ ಎನ್ನಬೇಕಿತ್ತು. ನಂದು ಎನ್ನುವಲ್ಲಿಗೇ ಅದು ಬಂತು. ಕೈ ಮುಖದ ಹತ್ತಿರ ಹೋಗಿ ಮುಟ್ಟಲಾರದೆ ಗಾಳಿಯಲ್ಲೇ ನಿಂತಿತು. ಮತ್ತೊಂದು ಹೊಡೆತ ಬರುವ ಮೊದಲು ತಿರುಗಿ ಹೊರಗೆ ಬಂದೆ.

'ನಂದಂತ!' ಅಕ್ಕನ ದನಿ ಬೆನ್ನಿಗೆ ಬಿತ್ತು. 'ಬಾಯಿ ತಗದರ... ನಂದು, ನಂದು! ಅಪ್ಪ ಕೊಟ್ಟ ಮನ್ಯಾಗ... ನಂದೂ ಐತಿ... ತಿಳ್ಕೋ!'

ಕಲ್ಲವ್ವ ನನ್ನ ಪರವಾಗಿ ಹೋಗಿ ಎಲ್ಲ ಬಿಡಿಸಿ ಹೇಳಿದಳು. ಡಾಕ್ಟರು, ನರ, ಗುಳಿಗೆ ಎಲ್ಲ. ಅಕ್ಕ ಕೇಳಿದ್ದು ಒಂದೇ. 'ಬಾವು ಎಲ್ಲೈತಿ? ಜ್ವರ ಎಲ್ಲೈತಿ? ಬಾವಿಲ್ಲದ ಬ್ಯಾನಿ... ಯಾರ ಕಂಡಾರ? ಗಂಡನ ಪರ... ವಕೀಲಿ ಮಾಡಾಕ ಬರಬ್ಯಾಡ.' ಕಲ್ಲವ್ವ ಬಂದು ನನ್ನ ಕೆನ್ನೆಯನ್ನು ದೂರದಿಂದಲೇ ಆ ಕಡೆ ಈ ಕಡೆ ಬಗ್ಗಿ ನೋಡಿದಳು. ಒಂದು ಸಣ್ಣ ಬಾವಾದರೂ ಬಂದಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ಇಬ್ಬರಿಗೂ ಅನ್ನಿಸಿತು.

ನಾನು ಅಕ್ಕನ ಮೇಲೆ ಸಿಟ್ಟಾಗಬೇಕೋ ಬೇಡವೋ ತಿಳಿಯಲಿಲ್ಲ. ಯಾಕೆಂದರೆ ನನಗೇ ಈ ನೋವಿನ ನಡತೆ ಗೊತ್ತಿಲ್ಲ. ಚಳಿಗೆ ಬರುತ್ತದೆ ಎಂದು ಒಂದು ವಾರ ನಂಬಿದೆ, ಸುಡು ಬಿಸಿಲಿನಲ್ಲಿ ಬಂದು ನನ್ನನ್ನು ಸುಳ್ಳುಗಾರನನ್ನಾಗಿ ಮಾಡಿತು. ಮೋಡ ಕವಿದರೆ ಬರುತ್ತದೆ ಎಂದು ಹೇಳಿದ್ದೇ ತಡ, ಮಳೆಗಾಲದ ಅರ್ಧ ಸುಮ್ಮನಿತ್ತು. ಮಂಜು ಬಿದ್ದ ಬೆಳಿಗ್ಗೆ ತಣ್ಣೀರಿನಿಂದ ಮುಖ ತೊಳೆದೆ, ಏನೂ ಆಗಲಿಲ್ಲ. ಅದೇ ದಿನ ಬೆಚ್ಚಗಿನ ಚಹಾ ತುಟಿಗಿಟ್ಟೆ, ಲೋಟ ಕೈಯಿಂದ ಜಾರಿತು. ಕುರ್ಚಿಯಲ್ಲಿ ಕುಳಿತ ಪ್ರತಿ ಗಿರಾಕಿಯ ಬಳಿಯೂ ಒಂದೊಂದು ಶಾಸ್ತ್ರ ಇದೆ. ಒಬ್ಬ ಪೂರ್ವದ ಗಾಳಿ ಎನ್ನುತ್ತಾನೆ, ಇನ್ನೊಬ್ಬ ಬದನೆಕಾಯಿ ಎನ್ನುತ್ತಾನೆ. ಮಗದೊಬ್ಬ ಹುಣ್ಣಿಮೆ ಎಂದ, ಹುಣ್ಣಿಮೆಯೆಲ್ಲ ಚೆನ್ನಾಗಿಯೇ ಇದ್ದೆ. ಎಲ್ಲರ ಮಾತೂ ಒಂದು ಸಲ ನಿಜವಾಗುತ್ತದೆ, ಎರಡನೆಯ ಸಲ ಸುಳ್ಳಾಗುತ್ತದೆ. ಡಾಕ್ಟರರ ಗುಳಿಗೆ ನುಂಗಿದರೆ ನೋವು ಕಡಿಮೆ, ಆದರೆ ತಲೆ ತೂಗುತ್ತದೆ. ಹಾಗೆ ತೂಗುತ್ತ ಒಬ್ಬರ ಕಿವಿಯ ಅಂಚು ಗೀರಿಬಿಟ್ಟೆ. ಅಂದಿನಿಂದ ಅರ್ಧರ್ಧ ನುಂಗುತ್ತೇನೆ. ಅರ್ಧ ಗಡ್ಡ, ಅರ್ಧ ಗುಳಿಗೆ, ಅರ್ಧ ಮನೆ.

ನನ್ನ ಬದಲು ಕಲ್ಲವ್ವ ಮುಖ ಕೊಡಬಹುದಲ್ಲ ಎಂದು ನೀವು ಕೇಳಬಹುದು. ಕೊಡಬಹುದು. ಆದರೆ ಹೊಸ ಮುಖವನ್ನು ಗಾಳಿಗೆ ಗುರುತು ಮಾಡಿಸಬೇಕು. ಹಳೆಯ ಮುಖದ ಬಲಗೆನ್ನೆಗೆ ಹೊಸ ಮುಖ ತನ್ನ ಎಡಗೆನ್ನೆ ಒತ್ತಿ ಹೊಸ್ತಿಲಲ್ಲಿ ನಿಲ್ಲಬೇಕು. ಬಲಗೆನ್ನೆಯೇ ಆಗಬೇಕು, ಗಾಳಿ ಬರುವುದು ಆ ಕಡೆಯಿಂದ. ಅಪ್ಪ ಹಾಗೆಯೇ ತನ್ನ ಒರಟು ಕೆನ್ನೆ ಒತ್ತಿ ನನ್ನನ್ನು ಗಾಳಿಗೆ ಒಪ್ಪಿಸಿದ್ದ. ಮನೆಯೊಳಗೆ ಒಮ್ಮೆ ಮಾಡಿ ನೋಡೋಣ ಎಂದು ನಾನೂ ಕಲ್ಲವ್ವನೂ ಬಾಗಿಲು ಹಾಕಿಕೊಂಡು ನಿಂತೆವು. ಅವಳು ಉಸಿರು ಬಿಗಿಹಿಡಿದು ಕೆನ್ನೆ ತಂದಳು. ಕೆನ್ನೆ ತಾಗುವ ಮೊದಲೇ ಅವಳ ಕೂದಲಿನ ಒಂದು ಎಳೆ ತಾಗಿತು. ನಾನು ಗೋಡೆ ಹಿಡಿದು ಕೆಳಗೆ ಕುಸಿದೆ. ಅಂದಿನಿಂದ ಅವಳು ನನ್ನ ಎಡಬದಿಗೇ ಕೂರುತ್ತಾಳೆ, ಎಡಬದಿಗೇ ಮಲಗುತ್ತಾಳೆ. ಮದುವೆಯಾದ ಇಷ್ಟು ವರ್ಷದ ಮೇಲೆ ಹೆಂಡತಿಯ ಕೂದಲಿಗೆ ಹೆದರುವ ಗಂಡನಾದೆ ಎಂದು ನನಗೆ ನಾಚಿಕೆಯಾಗುತ್ತದೆ.

ಎರಡನೆಯ ಪಾಳಿಗೆ ಮುಖಕ್ಕೆ ಮಫ್ಲರ್ ಸುತ್ತಿಕೊಂಡು ನಿಂತೆ. ಗಾಳಿ ಬಂದು, ಮಫ್ಲರಿನ ತುದಿಯನ್ನೊಮ್ಮೆ ಎತ್ತಿ ನೋಡಿ, ಹೊರಟುಹೋಯಿತು. ಆ ಹೊತ್ತಿಗೆ ಅಕ್ಕ ಮಲಗುವುದನ್ನೇ ಬಿಟ್ಟಿದ್ದಳು. ಕಂಬಕ್ಕೆ ಒರಗಿ ಕುಳಿತೇ ಇರುತ್ತಿದ್ದಳು. ಮೇಲಿನ ಮನೆಯವರು ನಮ್ಮಲ್ಲಿ ಬಂದು ಇರಿ ಎಂದು ಕರೆದರೆ, 'ಮಂದಿ ಮನಿ ಗಾಳಿ... ಕುಡದು ಬದಕೂದು... ಒಲ್ಲೆ' ಎಂದಳು. ಒಂದು ವಾಕ್ಯಕ್ಕೆ ಎರಡು ಕಡೆ ನಿಲ್ಲುವ ಹಾಗಾಗಿತ್ತು. ಗೋಡೆಯ ಈಚೆ ನಾನು ಅವಳ ಉಸಿರು ಕೇಳುತ್ತ ಕೂರುತ್ತಿದ್ದೆ. ಎಲ್ಲಿ ಒಂದು ಬಿಟ್ಟುಹೋಗುತ್ತದೋ ಎಂದು ಒಂದೊಂದನ್ನೇ ಎಣಿಸುತ್ತಿದ್ದೆ. ನನ್ನ ಅಕ್ಕ ನನ್ನ ಕೆನ್ನೆಯ ದೆಸೆಯಿಂದ ಸಾಯುತ್ತಾಳೆ ಎಂದು ನನಗೆ ಖಚಿತವಾಯಿತು. ಈ ಗೊಂದಲದಲ್ಲಿ ಖಚಿತವಾಗಿದ್ದು ಅದೊಂದೇ.

ಓಣಿಯ ಹಿರಿಯರು ನಮ್ಮ ಕಟ್ಟೆಯ ಮೇಲೆ ಸೇರಿದರು. ಗುಳಪ್ಪ ಕಾಕಾ ಮುಂದಾಳು. ಅವರ ಮನೆ ಓಣಿಯ ಮೇಲಿನ ತುದಿಯಲ್ಲಿರುವುದರಿಂದ ಗಾಳಿಯ ವಿಚಾರದಲ್ಲಿ ಅವರದೇ ಮೊದಲ ಮಾತು. ನಾನು ಬೇಕೆಂದೇ ಮುಖ ತಿರುಗಿಸಿದೆ ಎಂದು ಹೇಳಿದರೆ ಒಡಹುಟ್ಟಿದವರ ನಡುವೆ ಗೋಡೆ ಇನ್ನಷ್ಟು ದಪ್ಪವಾಗುತ್ತದೆ ಎಂಬುದು ಅವರಿಗೂ ಗೊತ್ತಿತ್ತು. ಹಾಗಾಗಿ ಕೆಮ್ಮಿ, ನನ್ನ ಗಡ್ಡವನ್ನು ದಿಟ್ಟಿಸಿ, ತೀರ್ಪು ಕೊಟ್ಟರು.

'ಯಮನೂರಪ್ಪಂದು ತಪ್ಪಿಲ್ಲ. ಗಾಳೀದೂ ತಪ್ಪಿಲ್ಲ. ಗಾಳಿಗೆ ಇವನ ಗುರುತ ಹತ್ತಿಲ್ಲ. ಅರ್ಧ ಮಾರಿ ಒಬ್ಬಂದು, ಅರ್ಧ ಮಾರಿ ಇನ್ನೊಬ್ಬಂದು. ನಾ ಗಾಳಿ ಆಗಿದ್ರೂ ಹೊಳ್ಳಿ ಹೋಗತಿದ್ದೆ. ಬರೂ ಪಾಳಿ ಒಳಗ ಗಡ್ಡ ಬೋಳಿಸ್ರಿ, ಎಲ್ಲಾ ಸರಿ ಆಕ್ಕೈತಿ.'

ಎಲ್ಲರೂ ಹೌದು ಹೌದು ಎಂದರು. ನಾನು ಎರಡೂ ಕೈ ಆಡಿಸಿ ಬೇಡ ಎಂದೆ. ಅದನ್ನು ಅವರು, ತನ್ನ ಗಡ್ಡ ತಾನೇ ಬೋಳಿಸಿಕೊಳ್ಳುತ್ತಾನಂತೆ ಎಂದು ಅರ್ಥ ಮಾಡಿಕೊಂಡರು.

'ಅವ ಬೋಳಿಸ್ಕೊಳೂದಿಲ್ಲ,' ಎಂದಳು ಅಕ್ಕ ತನ್ನ ಕಂಬದ ಬಳಿಯಿಂದಲೇ. 'ನಾ... ಬೋಳಸ್ತೀನಿ.'

ಅವಳಿಗೆ ಕತ್ತಿ ಹಿಡಿಯಲು ಬರುತ್ತದೆ. ಅಪ್ಪ ಕಸುಬು ಕಲಿಸಿದ್ದು ಮೊದಲು ಅವಳಿಗೇ. ಹೆಣ್ಣುಮಗಳು ಅಂಗಡಿಯಲ್ಲಿ ನಿಲ್ಲುವುದು ಹೇಗೆ ಎಂದು ಆಮೇಲೆ ನನಗೆ ಕೊಟ್ಟ. ಅಪ್ಪ ಹಾಸಿಗೆ ಹಿಡಿದಾಗ ಕೊನೆಯ ತನಕ ಅವನ ಗಡ್ಡ ತೆಗೆದವಳು ಅವಳೇ.

ಪಾಳಿಯ ಹಿಂದಿನ ದಿನ ಅಕ್ಕ ಬಂದಳು. ಎರಡು ವಾರವಾಗಿತ್ತು ನಮ್ಮ ಹೊಸ್ತಿಲು ತುಳಿದು. ಎರಡು ಮನೆಗಳ ನಡುವಿನ ಅಷ್ಟು ಜಾಗ ದಾಟಲು ನಡುವೆ ಒಮ್ಮೆ ಕುಳಿತಿದ್ದಳು. ನನ್ನ ಮುಖ ನೋಡದೆಯೇ ನನ್ನದೇ ಬ್ರಷ್ಷು, ನನ್ನದೇ ಸಾಬೂನು ತೆಗೆದುಕೊಂಡು ಬಟ್ಟಲಲ್ಲಿ ನೊರೆ ಎಬ್ಬಿಸಿದಳು. ಕಲ್ಲವ್ವ, 'ಬ್ಯಾಡ್ರಿ ಅಕ್ಕಾರ, ಅವರಿಗೆ ಮುಟ್ಟಬ್ಯಾಡ್ರಿ,' ಎಂದು ನಡುವೆ ಬಂದರೆ ಅವಳನ್ನು ಮೊಣಕೈಯಿಂದ ಸರಿಸಿದಳು.

'ಸುಮ್ನ... ಕುಂದ್ರು. ಅಲ್ಲಾಡಬ್ಯಾಡ,' ಎಂದಳು ನನಗೆ.

ನಾನು ಕುಳಿತೆ. ಬೇಡ ಎನ್ನಬಹುದಿತ್ತು. ಅವಳು ನನ್ನ ಇಷ್ಟು ಹತ್ತಿರ ಬಂದು ಎಷ್ಟೋ ದಿನವಾಗಿತ್ತು, ಎದ್ದು ಹೋಗಲು ಮನಸ್ಸಾಗಲಿಲ್ಲ. ಬರಲಾರದು, ಕೆಲವು ಸಲ ಬರುವುದಿಲ್ಲವಲ್ಲ ಎಂದೂ ಒಳಗೊಳಗೆ ಅಂದುಕೊಂಡೆ.

ಬ್ರಷ್ಷಿನ ಕೂದಲು ಕೆನ್ನೆಗೆ ತಾಗಿತು. ಆಮೇಲಿನದು ನನಗೆ ಕಲ್ಲವ್ವ ಹೇಳಿದ್ದು. ನಾನು ಕೂಗಲಿಲ್ಲವಂತೆ. ಬಾಯಿ ಅರ್ಧ ತೆರೆದು ಹಾಗೇ ನಿಂತಿತಂತೆ, ಬಲಗಣ್ಣಿನಿಂದ ನೀರು ಸುರಿಯಿತಂತೆ, ಕುರ್ಚಿಯ ಹಿಡಿಕೆ ಹಿಡಿದ ಬೆರಳುಗಳು ಬಿಳಿಚಿಕೊಂಡವಂತೆ. ಒಂದು ಹೊಡೆತ ಹೋಯಿತು ಎನ್ನುವಷ್ಟರಲ್ಲಿ ಇನ್ನೊಂದು, ಅದರ ಹಿಂದೆ ಮತ್ತೊಂದು. ನನಗೆ ನೆನಪಿರುವುದು ಅಕ್ಕನ ದನಿ ಮಾತ್ರ. 'ಯಮನ್ಯಾ! ಏ ತಮ್ಮಾ! ಏನಾತೋ? ಕಲ್ಲವ್ವಾ, ಇವಂಗೇನಾತ?' ಎಂದು ಕೂಗುತ್ತಿದ್ದಳು. ಬಟ್ಟಲು ಎಲ್ಲೋ ಉರುಳಿದ ಸದ್ದಾಯಿತು.

ಮುಗಿದ ಮೇಲೆ ಕಣ್ಣು ತೆರೆದೆ. ಅಕ್ಕ ನೆಲದ ಮೇಲೆ ಕುಳಿತು ನನ್ನ ಮುಖವನ್ನೇ ನೋಡುತ್ತಿದ್ದಳು. ಕೆನ್ನೆಯ ಮೇಲೆ ಒಂದು ಚೂರು ನೊರೆ ಉಳಿದಿತ್ತು. ಅದನ್ನು ಒರೆಸಲು ಅವಳ ಕೈ ಎದ್ದು ಬಂದು, ಅರ್ಧದಲ್ಲಿ ನಿಂತು, ಮತ್ತೆ ಮಡಿಲಿಗೆ ಹೋಯಿತು.

'ಯಾವಾಗಿಂದ?' ಎಂದಳು.

'ಹ್ವಾದ ಚಳಿಗಾಲದಿಂದ್ರಿ,' ಎಂದಳು ಕಲ್ಲವ್ವ.

'ನನಗ್ಯಾಕ... ಹೇಳಲಿಲ್ಲ?'

'ಹೇಳೀನ್ರಿ ಅಕ್ಕಾರ. ನೀವ ಬಾವು ತೋರಸಂದ್ರಿ.'

ಅಕ್ಕ ಅತ್ತಳು. ಅಳುವುದಕ್ಕೂ ಉಸಿರು ಬೇಕು, ಅದೂ ಅವಳಲ್ಲಿ ಸಾಕಷ್ಟು ಇರಲಿಲ್ಲ. ಅಳು ಕೆಮ್ಮಾಯಿತು, ಕೆಮ್ಮು ಸೀಟಿಯಾಯಿತು. ಕಲ್ಲವ್ವ ಬೆನ್ನು ನೀವಿದಳು. ಸುಧಾರಿಸಿಕೊಂಡ ಮೇಲೆ ಅಕ್ಕ ಹೇಳಿದಳು. 'ನಾಳಿ... ನೀ ಹೊರಗ ಬರಬ್ಯಾಡ. ಕದಾ ಹಾಕ್ಕೊಂಡು... ಒಳಗ ಇರು. ನಾ ಮ್ಯಾಲಿನ ಓಣ್ಯಾಗ... ಒಂದು ಖೋಲಿ ಹಿಡದೀನಂತ ತಿಳಿ. ಅಲ್ಲಿ ಪಾಳಿ... ಲಗೂ ಲಗೂ ಬರ್ತೈತಿ. ಟಂಟಂ ಹೇಳ್ತೀನಿ.'

ನಾಲ್ಕು ಮಂದಿಯ ಹೆಗಲ ಮೇಲೆ ಹೋಗುತ್ತೇನೆ ಎಂದವಳು ಟಂಟಂ ಆಟೋದಲ್ಲಿ ಹೋಗುತ್ತೇನೆ ಎನ್ನುತ್ತಿದ್ದಳು. ನಂಬದೇ ಇದ್ದಾಗ ಮನೆಯಲ್ಲಿದ್ದವಳು ನಂಬಿದ ಕೂಡಲೇ ಮನೆ ಬಿಡುವವಳಾದಳು. ನನಗೆ ಸಂತೋಷವಾಗಬೇಕಿತ್ತೋ ದುಃಖವಾಗಬೇಕಿತ್ತೋ ಗೊತ್ತಾಗಲಿಲ್ಲ. ಅಂತೂ ನನ್ನ ನೋವಿಗೆ ಕಲ್ಲವ್ವನಲ್ಲದೆ ಇನ್ನೊಬ್ಬ ಸಾಕ್ಷಿ ಸಿಕ್ಕಿದ್ದಳು. ಆ ಸಾಕ್ಷಿ ಟ್ರಂಕು ಕಟ್ಟುವ ಸದ್ದು ಗೋಡೆಯಾಚೆಯಿಂದ ಸಂಜೆಯ ತನಕ ಕೇಳಿಸಿತು. ಒಂದು ಸೀರೆ ಮಡಿಸುವುದು, ಕೂರುವುದು, ಇನ್ನೊಂದು ಸೀರೆ ಮಡಿಸುವುದು.

ಬೆಳಿಗ್ಗೆ ಓಣಿಯ ಕೆಳಗೆ ಟಂಟಂ ಬಂದು ನಿಂತಿತ್ತು. ನಾನು ಎಂದಿನ ಅರ್ಧ ಗುಳಿಗೆ ನುಂಗಿದೆ. ಮೊದಲ ದಿನವೂ ನುಂಗಿದ್ದೆ, ಹಾಗಾಗಿ ಅದರ ಮೇಲೆ ಹೆಚ್ಚು ಭರವಸೆ ಇರಲಿಲ್ಲ. ಆಕಾಶದಲ್ಲಿ ಮೋಡ, ಚಳಿ, ಮಂಜು ಎಲ್ಲ ಇತ್ತು. ನನ್ನ ವಿರುದ್ಧ ಯಾರ್ಯಾರು ಏನೇನು ಶಾಸ್ತ್ರ ಹೇಳಿದ್ದರೋ ಅದೆಲ್ಲ ಒಟ್ಟಿಗೇ ಬಂದು ನಿಂತ ಹಾಗಿತ್ತು. ಕಲ್ಲವ್ವ ಕದದ ಚಿಲಕದ ಮೇಲೆ ಕೈಯಿಟ್ಟು, 'ಬ್ಯಾಡ್ರಿ' ಎಂದಳು. ನಾನು ಆ ಕೈಯನ್ನು ಮೆಲ್ಲಗೆ ಎತ್ತಿಟ್ಟು ಹೊಸ್ತಿಲಿಗೆ ಬಂದೆ. ನೊರೆ ಒಣಗಿದ ಅರ್ಧ ಗಡ್ಡದ ಮುಖವನ್ನು ಬಲಕ್ಕೆ ತಿರುಗಿಸಿ ನಿಂತೆ. ಬಾಗಿಲಿನ ಎರಡೂ ಕಡೆ ಕೈಯಿಂದ ಗಟ್ಟಿಯಾಗಿ ಹಿಡಿದುಕೊಂಡೆ. ಮುಖ ತಿರುಗಬಾರದು, ಸತ್ತರೂ ತಿರುಗಬಾರದು ಎಂದುಕೊಂಡೆ.

ಗುಳಪ್ಪ ಕಾಕಾನ ಬಾಗಿಲು ಬಡಿದುಕೊಂಡಿತು. ಒಂದೊಂದೇ ಮನೆಯ ಪರದೆ ಎದ್ದು ಇಳಿಯಿತು. ಆಮೇಲೆ ಅದು ನನ್ನ ಮುಖಕ್ಕೆ ಬಂತು.

ಏನೂ ಆಗಲಿಲ್ಲ.

ಇನ್ನೂ ಬಿಗಿಹಿಡಿದೆ. ಈಗ ಬರುತ್ತದೆ, ಇನ್ನೇನು ಬರುತ್ತದೆ. ಬರಲಿಲ್ಲ. ಗಾಳಿ ಕೆನ್ನೆಯ ಮೇಲೆ ತಣ್ಣಗೆ ಆಡಿತು, ಗಡ್ಡದೊಳಗೆ ಕೈಯಾಡಿಸಿತು, ಅಷ್ಟೇ. ಅದರಲ್ಲಿ ಓಣಿಯವರೆಲ್ಲರ ಮನೆಯ ವಾಸನೆ ಇತ್ತು. ಯಾರದೋ ಒಗ್ಗರಣೆ, ಯಾರದೋ ಕೊಬ್ಬರಿ ಎಣ್ಣೆ, ಕೂಸಿನ ಹಾಸಿಗೆ. ಒಂದು ವರ್ಷದಿಂದ ನನ್ನ ಮುಖವನ್ನು ಯಾರೂ ಮುಟ್ಟಿರಲಿಲ್ಲ. ಹಾಗಾದರೆ ಮೊದಲ ದಿನ ಬಂದದ್ದು ಗಾಳಿಯಿಂದ ಅಲ್ಲವೆ? ಮತ್ತೆ ಯಾವುದರಿಂದ? ಗಾಳಿಯಲ್ಲವಾದರೆ ಇಷ್ಟು ದಿನ ಅಕ್ಕನನ್ನು ಯಾಕೆ ಸಾಯಿಸಿದೆ? ಏನೂ ತಿಳಿಯದೆ, ತಡೆಯಲೂ ಆಗದೆ, ನಾನು ಹೊಸ್ತಿಲಲ್ಲಿ ನಿಂತು ಜೋರಾಗಿ ನಕ್ಕುಬಿಟ್ಟೆ.

ಗಾಳಿ ನಮ್ಮ ಮನೆಯೊಳಗೆ ಹೋಗಿ ಪಾತ್ರೆ ಅಲ್ಲಾಡಿಸಿ ಬಂದು ಎಡಕ್ಕೆ ಹೊರಟಿತು. ಆಗ ನೋಡಿದೆ. ಅಕ್ಕ ಟ್ರಂಕನ್ನು ಹೊಸ್ತಿಲ ತನಕ ಎಳೆದು ತಂದು ನಿಂತಿದ್ದಳು. ನನ್ನನ್ನು ಒಳಗೆ ಹೋಗು ಎನ್ನಲು ಒಂದು ಕೈ ಎತ್ತಿದ್ದಳು, ಕೂಗಲು ಉಸಿರಿರಲಿಲ್ಲ. ಆ ಎತ್ತಿದ ಕೈಯ ಸಮೇತ ಗಾಳಿ ಅವಳನ್ನು ಹೊಕ್ಕಿತು. ಅವಳು ಕಣ್ಣು ಮುಚ್ಚಿದಳು. ಎದೆ ಏರಿತು, ಇನ್ನೂ ಏರಿತು, ಎಲ್ಲಿಯ ತನಕ ಏರುತ್ತದೋ ಎಂದು ಓಣಿಗೆ ಓಣಿಯೇ ನೋಡಿತು. ಅವಳ ಹಿಂದೆ ಮನೆಯ ಕಿಟಕಿಗಳು ಬಡಿದುಕೊಂಡು, ಎರಡು ಪಾಳಿಯ ಹಳಸಲು ಬಾಗಿಲಿನಿಂದ ಹೊರಬಿತ್ತು. ಅವಳ ಕೆನ್ನೆಗೆ ರಕ್ತ ಬಂತು. ಕಣ್ಣು ಬಿಟ್ಟಳು. ಬಿಟ್ಟ ಕಣ್ಣಿಗೆ ಮೊದಲು ಕಂಡದ್ದು ಹಲ್ಲು ಕಿರಿದು ನಗುತ್ತ ನಿಂತ ನಾನು.

ಅವಳು ನನ್ನ ಮುಖದಲ್ಲಿ ಹುಡುಕಿದಳು. ನಿನ್ನೆ ನೋಡಿದ್ದರ ಒಂದು ಚೂರಾದರೂ ಇದೆಯೇ ಎಂದು ಹುಡುಕಿದಳು. ಏನೂ ಇರಲಿಲ್ಲ.

'ಕಳ್ಳಾ!' ಎಂದಳು. 'ನಾಟಕ ಮಾಡಿದ್ಯಲ್ಲೋ ಬಾಡ್ಕೋ, ನಿನ್ನೆ ಕಣ್ಣಾಗ ನೀರು ತರಸ್ಕೊಂಡು ಕುರ್ಚಿ ಹಿಡದು ಒದ್ದಾಡಿ ನನ್ನ ಕೈಯಾಗಿಂದ ಬಟ್ಟಲಾ ಕೆಡವಿಸಿ, ಇವತ್ತ ಅದೇ ಗಾಳಿ ಮುಂದ ನಿಂತು ಹಲ್ಲು ಕಿಸೀತಿ, ಸಣ್ಣಾವ ಇದ್ದಾಗೂ ಹಿಂಗ, ಸಾಲಿಗೆ ಹೋಗಂದರ ಹೊಟ್ಟಿ ಹಿಡ್ಕೊಂಡು ಬೀಳತಿದ್ದಿ, ಅಪ್ಪ ಪೇಟೆಗೆ ಹೋದ ಕೂಡ್ಲೆ ಎದ್ದು ಗೋಲಿ ಆಡತಿದ್ದಿ, ನಿನ್ನ ಸಂಕಟ ನೋಡಿ ಪಾಪ ಅಂತ ನಾ ಮನಿ ಬಿಟ್ಟು ಹೊಂಟಿದ್ನೆಲ್ಲೋ, ಟ್ರಂಕ ಕಟ್ಟಿದ್ನೆಲ್ಲೋ, ಅಪ್ಪನ ಮನಿ ಪೂರಾ ನಿಂದ ಆಗ್ಲಿ ಅಂತ ಹಂಚಿಕಿ ಹಾಕೀ ಏನು...'

ನಾನು ಬಾಯಿ ತೆರೆದೆ. ಅಕ್ಕಾ, ಅದು ಪ್ರತಿ ಸಲ ಬರುವುದಿಲ್ಲ, ಯಾವಾಗ ಬರುತ್ತದೆ ಎಂದು ನನಗೂ ಗೊತ್ತಿಲ್ಲ ಎಂದು ಹೇಳಬೇಕಿತ್ತು. ಗಾಳಿ ಆಗಲೇ ಹೊರಟುಹೋಗಿತ್ತು. ಓಣಿಯಲ್ಲಿ ಒಂದು ಎಲೆ ಅಲ್ಲಾಡುತ್ತಿರಲಿಲ್ಲ. ಮೋಡ ಸರಿದು ಸಣ್ಣಗೆ ಬಿಸಿಲೂ ಬಂದಿತ್ತು. ಆಗ, ಯಾವ ಕಾರಣವೂ ಇಲ್ಲದೆ, ಅದು ಬಂತು.

ಅವಳಿಗೆ ತೋರಿಸಬಹುದಿತ್ತು. ಮುಖವನ್ನು ಇದ್ದ ಹಾಗೆ ಇಟ್ಟುಕೊಂಡು ನಿಂತಿದ್ದರೆ ಸಾಕು, ಅವಳಿಗೆ ಎಲ್ಲ ತಿಳಿಯುತ್ತಿತ್ತು. ತಿಳಿದರೆ ಬೈಗುಳ ನಿಲ್ಲುತ್ತಿತ್ತು, ಟ್ರಂಕು ಟಂಟಂ ಏರುತ್ತಿತ್ತು. ನಾನು ಬಾಗಿಲ ಚೌಕಟ್ಟು ಹಿಡಿದುಕೊಂಡು ಮುಖವನ್ನು ಅವಳಿಂದ ಆಚೆಗೆ, ಗೋಡೆಯ ಕಡೆಗೆ ತಿರುಗಿಸಿ ನಿಂತೆ.

'ನನಗ ಮುಖ ತಿರುಗಸ್ತಿ? ಅಕ್ಕ ಮಾತಾಡೂ ಮುಂದ ಮುಖ ತಿರುಗಸ್ತಿ? ತಿರುಗಿಸು, ಎಷ್ಟ ತಿರುಗಸ್ತಿ ತಿರುಗಿಸು, ಬರೂ ಪಾಳಿಗೆ ಇಲ್ಲೇ ಇದೇ ಹೊಸ್ತಿಲ ಮ್ಯಾಲ ನಿಂದ್ರಸ್ತೀನಿ ನಿನ್ನ, ಅದರ ಮುಂದಿನ ಪಾಳಿಗೂ ನಿಂದ್ರಸ್ತೀನಿ, ಕಿವಿ ಹಿಡದು ನಿಂದ್ರಸ್ತೀನಿ...'

ಟಂಟಂನವನು ಹತ್ತಿರ ಬಂದು, 'ಯಕ್ಕಾ, ಟ್ರಂಕ ಏರಸಲೇನು?' ಎಂದು ಕೇಳಿದ್ದು ಕೇಳಿಸಿತು.

'ಎಲ್ಲಿಗಿ ಏರಸ್ತೀಯೋ, ನಾ ಎಲ್ಲಿಗಿ ಹೊಂಟೀನಂತ ಏರಸ್ತಿ, ಒಳಗ ಇಡು ಅದನ್ನ, ಇವನ ಮಾತು ನಂಬಿ ಮನಿ ಬಿಡಾಕ ನನಗೇನು ಹುಚ್ಚ ಹಿಡದೈತೇನು, ಹೊಸ್ತಿಲಾ ನೋಡ್ಕೊಂಡು ಎತ್ತು, ಮೂಲಿ ಬಡದೀತು...'

ಹೊಡೆತದ ಮೇಲೆ ಹೊಡೆತ ಬರುತ್ತಿತ್ತು. ಕಣ್ಣೀರು ಗಡ್ಡದೊಳಗೆ ಇಳಿಯುತ್ತಿತ್ತು. ಅಷ್ಟರ ನಡುವೆಯೂ ಕಿವಿಕೊಟ್ಟು ಕೇಳುತ್ತಿದ್ದೆ, ಅಕ್ಕ ಉಸಿರಿಗೆಂದು ಎಲ್ಲಿಯಾದರೂ ನಿಲ್ಲುತ್ತಾಳೆಯೇ ಎಂದು. ಅವಳು ಎಲ್ಲಿಯೂ ನಿಲ್ಲಲಿಲ್ಲ.